ಮಂಗಳವಾರದ ಜೀಪು

"ಮತ್ತೆ ವಾಪಸ್ ಬಂತಾ?" ಆಫೀಸಿನ ಬಾಗಿಲಲ್ಲೇ ನಿಂತು ಡ್ರೈವರ್ ಬೆಳ್ಳಿಯಪ್ಪ ಕೇಳಿದ.

ರಜನಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೇಲ್ ಕಳಿಸಿ ಒಂದು ನಿಮಿಷವೂ ಆಗಿರಲಿಲ್ಲ, ಆಗಲೇ ಜೀಪಿನ ಹೆಸರಲ್ಲಿ ಉತ್ತರ ಬಂದಿತ್ತು. ನಿಮ್ಮ ಕೋರಿಕೆ ತಿರಸ್ಕೃತವಾಗಿದೆ, ಈ ಸಮಯಕ್ಕೆ ಬೇರೆ ಬುಕಿಂಗ್ ಇದೆ.

"ಬಂತು ಬೆಳ್ಳಿಯಣ್ಣ."

"ಬೇರೆ ಬುಕಿಂಗ್ ಅಂದ್ರೆ ಯಾರ್ದು? ಗಾಡಿ ಶೆಡ್ಡಲ್ಲೇ ನಿಂತದೆ. ಬೆಳಿಗ್ಗೆ ನಾನೇ ಒರೆಸಿಟ್ಟು ಬಂದಿದೀನಿ."

ಹೊರಗೆ ಜಗಲಿಯ ಬೆಂಚಿನ ಮೇಲೆ ತೋಟದ ಹಳೆಯ ಕೆಲಸದಾಕೆ ದೇವೀರಮ್ಮ ತಲೆಗೆ ಟವೆಲು ಸುತ್ತಿಕೊಂಡು ಕೂತಿದ್ದಳು. ಮಡಿಲಲ್ಲಿ ಆಸ್ಪತ್ರೆಯ ಚೀಟಿಗಳಿದ್ದ ಚೀಲ. ಎರಡು ವರ್ಷದಿಂದ ಅವಳ ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಅವಳ ರಕ್ತ ತೊಳೆಯುವ ಸರದಿ. ಕಾಫಿ ಎಸ್ಟೇಟಿನಿಂದ ಬಸ್ಸಿನ ರಸ್ತೆಗೆ ನಾಲ್ಕು ಮೈಲಿ ಕಲ್ಲುದಾರಿ, ಆಟೋದವರು ಹತ್ತುವುದಿಲ್ಲ, ಹತ್ತರೊಳಗೆ ಮುಟ್ಟಿಸುವ ಬಸ್ಸೂ ಇಲ್ಲ. ಹಾಗಾಗಿ ಎಸ್ಟೇಟಿನ ಜೀಪೇ ಅವಳನ್ನು ಕರೆದುಕೊಂಡು ಹೋಗಿ ಬರುತ್ತಿತ್ತು. ಶೆಡ್ಡಿನ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ ಪುಸ್ತಕದಲ್ಲಿ ತೋಟದ ಲೆಕ್ಕಪತ್ರ ನೋಡುವ ರೈಟರ್ ರಜನಿ ಒಂದು ಸಾಲು ಬರೆದರೆ ಸಾಕಿತ್ತು.

ತೋಟವನ್ನು ಕಂಪನಿ ಕೊಂಡ ಮೇಲೆ ಪುಸ್ತಕ ಹೋಯಿತು. ಜೀಪಿಗೂ ಒಂದು ಮೇಲ್ ವಿಳಾಸ ಬಂತು. ಜೀಪು ಬೇಕಾದವರು, ಎಲ್ಲರಿಗೂ ಕಾಣುವ ಕ್ಯಾಲೆಂಡರಿನಲ್ಲಿ ಕೋರಿಕೆ ಹಾಕಬೇಕು, ಅದೂ ಬೆಳಿಗ್ಗೆ ಎಂಟರ ನಂತರದ ಹೊತ್ತಿಗೆ ಮಾತ್ರ. ಜೀಪು ಒಪ್ಪಿದರೆ ಮೇಲಿನಲ್ಲಿ ನಾಲ್ಕಂಕಿಯ ನಂಬರು ಬರುತ್ತದೆ, ಅದನ್ನು ಒತ್ತಿದರೆ ಗೋಡೆಯ ಮೇಲಿನ ಕೀ ಪೆಟ್ಟಿಗೆ ತೆರೆಯುತ್ತದೆ. ಹೊಸ ವರ್ಷದ ಮೊದಲ ದಿನದಿಂದ ಈ ಏರ್ಪಾಡು. ಜೀಪು ಶುಕ್ರವಾರಗಳಿಗೆ ಒಪ್ಪಿತು. ಮಂಗಳವಾರಕ್ಕೆ ಮಾತ್ರ ಒಪ್ಪಲಿಲ್ಲ. ಎಲ್ಲ ಮಂಗಳವಾರಗಳ ಮೇಲೂ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಒಂದು ನೀಲಿ ಪಟ್ಟಿ ಮಲಗಿತ್ತು. ಪ್ರಸನ್ನಕುಮಾರ್, ತೋಟ ಭೇಟಿ. ಕೊನೆಯ ದಿನಾಂಕವಿಲ್ಲ.

ಪ್ರಸನ್ನಕುಮಾರ್ ಈ ಏರ್ಪಾಡನ್ನು ತಂದ ದೊಡ್ಡ ಮ್ಯಾನೇಜರು. ಡಿಸೆಂಬರಿನಲ್ಲೇ ಕೆಲಸ ಬಿಟ್ಟು ಹೋಗಿದ್ದರು. ರಜನಿ ನಂಬರು ಹುಡುಕಿ ಅವರಿಗೆ ಫೋನು ಮಾಡಿದ್ದಳು.

"ಅಯ್ಯೋ, ಅದು ಟೆಸ್ಟಿಂಗಿಗೆ ಹಾಕಿದ್ದು ರಜನಿಯವ್ರೇ," ಎಂದಿದ್ದರು ಅವರು, ನಿಜಕ್ಕೂ ನೊಂದ ದನಿಯಲ್ಲಿ. "ಈಗ ತೆಗೆಯೋಣ ಅಂದ್ರೆ ನನ್ನ ಅಕೌಂಟೇ ಇಲ್ವಲ್ಲ. ಹೋದ ದಿನವೇ ಮುಚ್ಚಿದ್ರು."

ಮೊದಲ ಮಂಗಳವಾರ ಮೇಸ್ತ್ರಿಯ ಬೈಕಿನಲ್ಲಿ ಕೂರಿಸಿ ಕಳಿಸಿದ್ದರು. ಎರಡನೇ ತಿರುವಿನಲ್ಲಿ ದೇವೀರಮ್ಮ ತಲೆ ತಿರುಗಿ ಬಿದ್ದು ಮೊಣಕೈ ಒಡೆದುಕೊಂಡಳು. ಎರಡನೇ ಮಂಗಳವಾರ ರಜನಿ ಒಂದು ಉಪಾಯ ಮಾಡಿದಳು. ಎಂಟರಿಂದ ಒಂಬತ್ತಕ್ಕೆ ಕೋರಿಕೆ ಹಾಕಿದಳು, ಜೀಪು ಒಪ್ಪಿತು, ಬೆಳ್ಳಿಯಪ್ಪ ದೇವೀರಮ್ಮನನ್ನು ಕರೆದುಕೊಂಡು ಹೋಗಿ ಸಂಜೆ ಬಂದ. ಅದಾದ ಮೂರನೇ ದಿನ ಬೆಳ್ಳಿಯಪ್ಪನ ಹೆಸರಿಗೆ ಹೆಡ್ ಆಫೀಸಿನಿಂದ ನೋಟೀಸು ಬಂತು. ಅನುಮತಿಯಿಲ್ಲದೆ ಎಂಟು ಗಂಟೆ ವಾಹನ ಇಟ್ಟುಕೊಂಡಿದ್ದೀರಿ, ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು. ಉಪಾಯ ತನ್ನದು, ಅವನದಲ್ಲ ಎಂದು ರಜನಿ ಬರೆದ ಉತ್ತರಕ್ಕೆ ಉತ್ತರ ಬರಲಿಲ್ಲ.

ಇದು ಮೂರನೇ ಮಂಗಳವಾರ. ಎಂಟೂವರೆ ಆಗಿತ್ತು. ರಜನಿ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದಳು. ತಾಳ್ಮೆಯ ಹುಡುಗ. ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ ಎಂದ. ಆದಳು. ಬೇರೆ ಬ್ರೌಸರಿನಲ್ಲಿ ನೋಡಿ ಎಂದ. ನೋಡಿದಳು. ಕಂಪ್ಯೂಟರ್ ಆರಿಸಿ ಹಚ್ಚಿ ಎಂದ. ಅದು ಮತ್ತೆ ಏಳುವಷ್ಟರಲ್ಲಿ ಒಂಬತ್ತಕ್ಕೆ ಐದು ನಿಮಿಷ.

"ಬುಕಿಂಗ್ ಮಾಡಿದವರೇ ತೆಗೀಬೇಕು ಮೇಡಂ."

"ಅವರು ಕೆಲಸ ಬಿಟ್ಟಿದಾರೆ ಅಂತ ಹೇಳಿದ್ನಲ್ಲ."

"ಹಾಗಾದ್ರೆ ಅವರ ಜಾಗಕ್ಕೆ ಬಂದವರು ಅರ್ಜಿ ಹಾಕ್ಬೇಕು."

"ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ನೀವೇ ತೆಗೀರಿ ಸ್ವಾಮಿ. ಇಲ್ಲಿ ಒಬ್ಬರಿಗೆ ಆಸ್ಪತ್ರೆಗೆ ಹೋಗಬೇಕು."

ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು. "ನಂಗೆ ಆ ಅನುಮತಿ ಕೊಟ್ಟಿಲ್ಲ ಮೇಡಂ. ನನ್ನ ಕಡೆಯಿಂದ ಎಲ್ಲಾ ಸರಿಯಾಗೇ ಕಾಣ್ತಿದೆ. ಕ್ಯಾಲೆಂಡರ್ ಕೆಲಸ ಮಾಡ್ತಿದೆ. ಗಾಡಿ ಖಾಲಿ ಇಲ್ಲ ಅಂತ ಸರಿಯಾಗೇ ಹೇಳ್ತಿದೆ."

ಮೂರು ತೋಟಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಬಸವಪ್ರಸಾದ್ ಕಳಸದ ಕಡೆ ಇದ್ದರು. "ನನ್ನ ಕೈಲಿ ಎಂತ ಉಂಟು ಮಾರಾಯ್ತಿ?" ಎಂದರು ಫೋನಿನಲ್ಲಿ. "ನಾನೂ ಹೆಡ್ ಆಫೀಸಿಗೆ ಎರಡು ಸಲ ಬರೆದೆ. ಆಸ್ಪತ್ರೆಯವ್ರನ್ನ ದಿನ ಬದಲಾಯಿಸಿ ಅಂತ ಕೇಳ್ನೋಡು."

ಅದನ್ನೂ ಕೇಳಿಯಾಗಿತ್ತು. ಅಲ್ಲಿಯ ನರ್ಸ್ ಪಟ್ಟಿ ತಿರುವಿ ನೋಡಿ, "ಎಲ್ಲಾ ದಿನವೂ ತುಂಬಿದೆ. ಯಾರಾದ್ರೂ ತೀರ್ಕೊಂಡ್ರೆ ಜಾಗ ಆಗತ್ತೆ, ತಿಳಿಸ್ತೀನಿ," ಎಂದಿದ್ದಳು. ಆ ಮಾತು ದೇವೀರಮ್ಮನಿಗೆ ಗೊತ್ತಾಗದಂತೆ ರಜನಿ ನೋಡಿಕೊಂಡಿದ್ದಳು.

ಅವಳು ಹೊರಗೆ ಬಂದಾಗ ಬೆಳ್ಳಿಯಪ್ಪ ಶೆಡ್ಡಿನ ಮುಂದೆ ನಿಂತು ಕೀ ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದ. "ಒಂದು ಕಲ್ಲು ಸಾಕು ರೈಟ್ರಮ್ಮ. ಹೂಂ ಅನ್ನಿ."

ಅವನಿಗೆ ಓದುವ ಇಬ್ಬರು ಹೆಣ್ಣುಮಕ್ಕಳಿದ್ದರು.

ಬೆಂಚಿನ ಮೇಲಿಂದ ದೇವೀರಮ್ಮನೇ ಹೇಳಿದಳು. "ಬ್ಯಾಡ ಕಣೋ ಬೆಳ್ಳಿ. ನಿನ್ನ ಅನ್ನ ಕಳ್ದು ನಂಗೆ ಉಸಿರು ಬ್ಯಾಡ." ಆಮೇಲೆ ರಜನಿಯ ಕಡೆ ತಿರುಗಿ, "ನೀವು ಎಷ್ಟೂಂತ ಒದ್ದಾಡ್ತೀರಿ ರೈಟ್ರಮ್ಮ. ಶುಕ್ರಾರ ಹೆಂಗೂ ಗಾಡಿ ಸಿಗ್ತದಲ್ಲ. ಅಲ್ಲೀವರ್ಗೆ ನೀರು ಕುಡಿಯದೆ ಇರ್ತೀನಿ," ಎಂದಳು. ಊದಿದ ಪಾದಕ್ಕೆ ಚಪ್ಪಲಿ ಸೇರದೆ ಅದನ್ನು ಕೈಯಲ್ಲಿ ಹಿಡಿದು ಕೂಲಿಯವರ ಲೈನ್ ಮನೆಗಳತ್ತ ನಡೆದಳು. ಒಂಬತ್ತೂವರೆಯ ಬಿಸಿಲಲ್ಲಿ ಜೀಪು ಫಳಫಳ ಹೊಳೆಯುತ್ತ ನಿಂತೇ ಇತ್ತು.

ಗುರುವಾರ ಸಂಜೆಯಿಂದ ದೇವೀರಮ್ಮನಿಗೆ ಮಲಗಲಾಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಗಳು ಮುತ್ತಮ್ಮ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿಕೊಂಡು ಬೆಳಗು ಮಾಡಿದಳು. ಶುಕ್ರವಾರ ಹೋದವಳನ್ನು ಮುಂದಿನ ಮಂಗಳವಾರದ ಸರದಿ ಮುಗಿಯುವವರೆಗೆ ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಇನ್ನೊಂದು ಸರದಿ ತಪ್ಪಿದರೆ ನಾವು ಜವಾಬ್ದಾರರಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು.

ಮುತ್ತಮ್ಮ ಆಫೀಸಿಗೆ ಬಂದಳು. ಹಣ್ಣು ಕೊಯ್ಯುವ ಬುಟ್ಟಿಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟಳು.

"ನಾವು ಹೋಗ್ತೀವಿ ರೈಟ್ರಮ್ಮ. ಆಸ್ಪತ್ರೆ ಹಿಂದೆ ಒಂದು ರೂಮು ಸಿಕ್ತು. ಹಾಸ್ಟೆಲ್ ಅಡಿಗೆಮನೇಲಿ ಪಾತ್ರೆ ತೊಳೆಯೋ ಕೆಲಸ ಕೊಡ್ತೀನಿ ಅಂದಿದಾರೆ."

"ಲೈನ್ ಮನೆ ಬಿಟ್ರೆ ಮತ್ತೆ ಸಿಗಲ್ಲ ಮುತ್ತಮ್ಮ. ನಿಮ್ಮವ್ವ ನಲವತ್ತು ವರ್ಷ ದುಡಿದ ತೋಟ. ಒಂದೇ ಒಂದು ವಾರ ತಡಿ, ನಾನು ಮತ್ತೆ ಬರೀತೀನಿ."

"ಒಂದು ವಾರ ಅಂದ್ರೆ ನಮ್ಮವ್ವಂಗೆ ಎಷ್ಟು ಅಂತ ಅವ್ರಿಗೆ ಗೊತ್ತಾ?"

ಮುತ್ತಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

"ಶನಿವಾರ ಸಾಮಾನು ಸಾಗಿಸೋಕೆ ಜೀಪು ಕೊಡಿಸ್ತೀರಾ?"

ಶನಿವಾರ, ಎಂಟರಿಂದ ಆರು. ಕೋರಿಕೆ ಕಳಿಸಿ ಬೆರಳು ಎತ್ತುವಷ್ಟರಲ್ಲಿ ಜೀಪು ಒಪ್ಪಿತು. ನಂಬರೂ ಬಂತು. ರಜನಿ ಅದನ್ನು ಚೀಟಿಯಲ್ಲಿ ಬರೆದು ಬೆಳ್ಳಿಯಪ್ಪನಿಗೆಂದು ಎತ್ತಿಟ್ಟಳು.

ಶನಿವಾರ ಸಾಮಾನು ಹೆಚ್ಚೇನೂ ಇರಲಿಲ್ಲ. ಒಂದು ಟ್ರಂಕು, ಎರಡು ಚಾಪೆ, ಪಾತ್ರೆಯ ಮೂಟೆ, ಬುಟ್ಟಿಯಡಿ ಮುಚ್ಚಿದ ಒಂದು ಹೇಂಟೆ ಕೋಳಿ. ಹಿಂದೆ ಸಾಮಾನಿನ ನಡುವೆ ಮುತ್ತಮ್ಮ ಕೂತಳು. ಬೆಳ್ಳಿಯಪ್ಪ ದೇವೀರಮ್ಮನನ್ನು ಮುಂದಿನ ಸೀಟಿಗೆ ಹತ್ತಿಸಿ, ಅವಳ ಕಾಲಡಿಗೆ ಗೋಣಿ ಮಡಿಸಿ ಇಟ್ಟ.

"ಬರ್ತೀನಿ ರೈಟ್ರಮ್ಮ," ಎಂದಳು ದೇವೀರಮ್ಮ. ರಜನಿ ತಲೆಯಾಡಿಸಿದಳು.

ಜೀಪು ಇಳಿಜಾರಿನಲ್ಲಿ ನಿಧಾನವಾಗಿ ಇಳಿಯಿತು. ದಾರಿ ಕಿರಿದಾಗುವಲ್ಲಿ ಕಾಫಿ ಗಿಡಗಳ ರೆಕ್ಕೆಗಳು, ಹಣ್ಣು ತುಂಬಿದ ಆ ಉದ್ದನೆಯ ಕೊಂಬೆಗಳು, ಎರಡೂ ಕಡೆಯಿಂದ ಬಾಗಿ ಗಾಡಿಗೆ ತಾಗುತ್ತಿದ್ದವು. ಕಿಟಕಿಯಿಂದ ದೇವೀರಮ್ಮನ ಕೈ ಹೊರಗೆ ಬಂದದ್ದು ರಜನಿಗೆ ಕಂಡಿತು. ಬೀಳ್ಕೊಡಲು ಬೀಸುತ್ತಾಳೆಂದುಕೊಂಡಳು. ಆ ಕೈ ಒಂದು ರೆಕ್ಕೆಯನ್ನು ಹಿಡಿದು, ಕಾಯಿಗಳನ್ನು ಬಿಟ್ಟು, ಕೆಂಪಾದ ಹಣ್ಣೊಂದನ್ನೇ ತಿರುವಿ ಬಿಡಿಸಿಕೊಂಡಿತು. ರೆಕ್ಕೆ ತೂಗುತ್ತ ತನ್ನ ಜಾಗಕ್ಕೆ ಮರಳಿತು.