ಅತ್ತೆ ಮಡಿಚಿಕೊಟ್ಟ ಎಲೆ

ಮಧ್ಯಾಹ್ನದ ಊಟ ಮುಗಿಸಿ ಮುನಿಲಕ್ಷ್ಮಮ್ಮ ನಡುಮನೆಯ ಗೋಡೆಗೆ ಒರಗಿ ಎಲೆಅಡಿಕೆ ತಟ್ಟೆಯನ್ನು ಮುಂದಕ್ಕೆಳೆದುಕೊಂಡರೆಂದರೆ, ಹಿರಿಸೊಸೆ ದಾಕ್ಷಾಯಣಿ ಎಲ್ಲಿದ್ದರೂ ಕೈ ಒರೆಸಿಕೊಂಡು ಬಂದು ಎದುರಿಗೆ ಕೂರುತ್ತಿದ್ದಳು. ಅತ್ತೆ ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೊಂದು ಚಿಟಿಕೆ ಕಡ್ಡಿಪುಡಿ ಉದುರಿಸಿ ಮಡಿಚಿ ಕೊಡುವರು. ಹೊಗೆಸೊಪ್ಪಿನ ಆ ಪುಡಿಯಿಲ್ಲದ ಎಲೆ ಆ ಮನೆಯಲ್ಲಿ ಎಲೆಯೇ ಅಲ್ಲ. ಚೊಚ್ಚಲ ಕೂಸನ್ನೆತ್ತಿಕೊಂಡು ತವರಿಂದ ಬಂದ ಸೊಸೆಗೆ ಅತ್ತೆ ಕೈಯಾರೆ ಅದನ್ನು ತಿನ್ನಿಸಬೇಕು, ಅಂದಿನಿಂದಲೇ ಅವಳು ಮನೆಯ ಸೊಸೆ. ಊರು ಬಿಟ್ಟು ಚಾಮರಾಜಪೇಟೆಗೆ ಬಂದರು, ಬಳೇಪೇಟೆಯಲ್ಲಿ ಸಗಟು ಅಂಗಡಿ ಇಟ್ಟರು, ಮಹಡಿ ಕಟ್ಟಿದರು. ಈ ಪದ್ಧತಿಯನ್ನು ಮಾತ್ರ ಬಿಡಲಿಲ್ಲ. ಊರಿನ ಒಳ್ಳೆಯದನ್ನೆಲ್ಲ ಅಲ್ಲೇ ಬಿಟ್ಟು ಇಂಥದ್ದನ್ನು ಗಂಟುಕಟ್ಟಿ ತರುತ್ತೇವೆ ನೋಡಿ, ನಮ್ಮ ಬುದ್ಧಿಗೆ ಏನನ್ನಬೇಕು!

ದಾಕ್ಷಾಯಣಿಗೆ ಆ ಎಲೆ ಸಿಕ್ಕಿದ್ದು ಮಗಳು ರಕ್ಷಿತಾ ಹುಟ್ಟಿದಾಗ. ತಲೆ ಸುತ್ತಿ, ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಿದ್ದಳು. ಆದರೂ ಗಂಡ ದೊಡ್ಡಬೈರಪ್ಪ ಒಂದು ದಿನವೂ ತಿರುಗಿ ಮಾತಾಡಿಸದ ಮನೆಯಲ್ಲಿ, ಗಂಡು ಹೆರಲಿಲ್ಲವೆಂದು ನೆಂಟರು ಮೂಗು ಮುರಿದ ಮನೆಯಲ್ಲಿ, ಒಬ್ಬರು ಕೈಯಾರೆ ಬಾಯಿಗಿಟ್ಟದ್ದು ಅದೊಂದೇ. ಅವಳು ಅದನ್ನು ಹೇಗೆ ಬಿಟ್ಟಾಳು?

ಹೀಗಿರುವಾಗ ಮೈದುನ ಮಂಜುನಾಥ್ ಹಟ ಹಿಡಿದು ಬಸವನಗುಡಿಯ ಕೋಕಿಲಾಳನ್ನು ಕಟ್ಟಿಕೊಂಡು ಬಂದ. ಬೇರೆ ಜಾತಿ, ಬೇರೆ ಊಟ. ಮುನಿಲಕ್ಷ್ಮಮ್ಮ ಒಂದು ತಿಂಗಳು ಕಣ್ಣೀರು ಹಾಕಿದರು. ದಾಕ್ಷಾಯಣಿ ಒಳಗೊಳಗೇ ಹಿಗ್ಗಿದಳು. ಆದರೆ ಕೋಕಿಲಾ ಅತ್ತೆಯನ್ನು ಕೈಹಿಡಿದು ಕರೆದೊಯ್ದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದದ್ದೇ ತಡ, ಮುದುಕಿ ಅವಳ ಕಡೆಗೇ ತಿರುಗಿಬಿಟ್ಟರು. ಬೀದಿಗೆಲ್ಲ ಅದೇ ಹಾಡು: "ನಮ್ಮ ಕೋಕಿಲಾ ಕಣ್ಣು ಕೊಟ್ಲು ಕಣಮ್ಮ, ನಮ್ಮ ಕೋಕಿಲಾ!"

ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಮುದ್ದೆ ತೊಳಸಿ, ಕಾಲೊತ್ತಿ ಸೇವೆ ಮಾಡಿದವಳು ಮೂಲೆಗೆ, ನಿನ್ನೆ ಮೊನ್ನೆ ಬಂದವಳು ತಲೆಮೇಲೆ! ಹೊಟ್ಟೆಯೊಳಗಿನ ಕಿಚ್ಚಿಗೆ ತಣ್ಣೀರು ಹೊಯ್ದರೆ ಆರುತ್ತದೆಯೇ? ಕೋಕಿಲಾಳ ಸೀರೆ, ಅವಳ ಸ್ಕೂಟಿ, ಅವಳು ನಗುವಾಗ ಕಾಣುವ ಬೆಳ್ಳನೆ ಹಲ್ಲು, ಎಲ್ಲವೂ ದಾಕ್ಷಾಯಣಿಗೆ ಕಣ್ಣುರಿ. ಒಂದೇ ಸಮಾಧಾನವೆಂದರೆ ಮಧ್ಯಾಹ್ನದ ಎಲೆ. ಅದು ಇನ್ನೂ ತನ್ನೊಬ್ಬಳದೇ.

ಕೋಕಿಲಾಳ ಕೆಲಸವಾದರೂ ಎಂಥದ್ದು? ಸಾರ್ವಜನಿಕ ಆರೋಗ್ಯದ ಸಂಶೋಧನೆ. ಜನ ಹೊಗೆಸೊಪ್ಪಿಗೆ ಏಕೆ ಅಂಟಿಕೊಳ್ಳುತ್ತಾರೆ, ಕ್ಯಾನ್ಸರ್ ಬರುವ ಮೊದಲೇ ಅದನ್ನು ಹೇಗೆ ಬಿಡಿಸಬೇಕು ಎಂದು ಪೇಟೆಯ ಗಲ್ಲಿಗಲ್ಲಿ ಸುತ್ತಿ ಹೆಂಗಸರ ಜೊತೆ ಜಗಲಿಯ ಮೇಲೆ ಕೂತು ಕೇಳುತ್ತಿದ್ದಳು. ಒಂದು ರಾತ್ರಿ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

"ಅತ್ತೆ, ಹೊಗೆಸೊಪ್ಪು ಮೊದಲ ಸಲ ಯಾರು ಕೊಟ್ರು ಅಂತ ಕೇಳಿದ್ರೆ ಅಂಗಡಿಯವನ ಹೆಸರು ಯಾರೂ ಹೇಳಲ್ಲ. ಅವ್ವ ಕೊಟ್ಲು, ಅತ್ತೆ ಕೊಟ್ರು ಅಂತಾರೆ. ಪ್ರೀತಿಯಿಂದ ಕೊಟ್ಟಿದ್ದು ನೋಡಿ, ಬಿಡೋದು ಭಾಳ ಕಷ್ಟ."

ಮುನಿಲಕ್ಷ್ಮಮ್ಮ ನಕ್ಕರು. "ನಾನು ಹುಡುಗಿಯಾಗಿದ್ದಾಗಿಂದ ಹಾಕ್ಕೊಂಡು ಬಂದಿವ್ನಿ. ನನಗೇನಾಗೈತೆ ಹೇಳು?"

"ಮೈಸೂರು ರಸ್ತೇನ ಕಣ್ಣು ಮುಚ್ಕೊಂಡು ದಾಟಿದ್ರೂ ಯಾರೋ ಒಬ್ರು ಬದುಕ್ತಾರೆ ಅತ್ತೆ. ಹಾಗಂತ ಎಲ್ಲರಿಗೂ ಹಂಗೇ ದಾಟಿ ಅನ್ನೋಕಾಗುತ್ತಾ? ಹೊಗೆಸೊಪ್ಪಂತೂ ವಿಷ, ಅಡಿಕೇನೂ ಕಮ್ಮಿಯಿಲ್ಲ."

"ಸಾಕು ಸುಮ್ನಿರಮ್ಮಿ. ನಮ್ಮತ್ತೆ, ಅವರತ್ತೆ ಎಲ್ಲಾ ದಡ್ಡರಾ? ನೆಗಡಿ ಬತ್ತದೆ ಅಂತ ಮೂಗು ಕುಯ್ಕೋತಾರಾ?"

ದಾಕ್ಷಾಯಣಿ ಗಟ್ಟಿಯಾಗಿ ನಕ್ಕಳು. ನಕ್ಕದ್ದೇ ತಪ್ಪಾಯಿತು, ಎಡಗೆನ್ನೆಯ ಒಳಗೆ ಚುರ್ರೆಂದಿತು. ಅಲ್ಲೊಂದು ಹುಣ್ಣು ಎದ್ದು ತಿಂಗಳುಗಳಾಗಿದ್ದವು. ಸುತ್ತ ಬೆಳ್ಳಗಾಗಿತ್ತು. ಸಾರು ತಾಗಿದರೆ ಜೀವ ಹೋಗುತ್ತಿತ್ತು, ಆದ್ದರಿಂದ ಮೊಸರನ್ನ ಕಲಸಿಕೊಂಡು ಸುಮ್ಮನೆ ನುಂಗುತ್ತಿದ್ದಳು. ನೋವು ಹೆಚ್ಚಾದಾಗ ಇನ್ನೊಂದು ಚಿಟಿಕೆ ಕಡ್ಡಿಪುಡಿಯನ್ನು ಹುಣ್ಣಿಗೇ ಒತ್ತಿಕೊಳ್ಳುವಳು. ಜೋಮು ಹಿಡಿದು ನೋವು ಅಡಗುತ್ತಿತ್ತು. ಅಯ್ಯೋ, ಕೊಲ್ಲುವುದನ್ನೇ ಮದ್ದೆಂದು ನಂಬಿದ ಹುಚ್ಚಿ!

ಕೋಕಿಲಾಳ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ಮರುದಿನ ಅಡಿಗೆಮನೆಗೆ ಬಂದು ಮೆಲ್ಲಗೆ ಕೇಳಿದಳು: "ಅಕ್ಕ, ನೀವು ಖಾರಾನೇ ಬಿಟ್ಟಿದೀರಿ. ಒಂದ್ಸಲ ಬಾಯಿ ತೆಗೀರಿ, ನೋಡ್ತೀನಿ."

"ಬೀದಿ ಹೆಂಗಸರು ಸಾಲಲಿಲ್ವಾ ನಿನಗೆ? ಅತ್ತೆ ಕಣ್ಣಾಯ್ತು, ಈಗ ನನ್ನ ಬಾಯಾ?"

"ಹಂಗಲ್ಲಕ್ಕ. ಬೇಗ ತೋರಿಸಿದ್ರೆ ವಾಸಿಯಾಗುತ್ತೆ. ನಾನು ಬೇಡ, ಡಾಕ್ಟ್ರಿಗೆ ತೋರಿಸಿ."

"ನನಗೇನೂ ಆಗಿಲ್ಲ. ನಿನ್ನ ಕೆಲಸ ನೋಡ್ಕೋ ಹೋಗು."

ಬಂದ ದಾರಿಗೆ ಸುಂಕವಿಲ್ಲವೆಂದು ಕೋಕಿಲಾ ಹೊರಟುಹೋದಳು. ಅಲ್ಲಿಗೇ ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದಳು. ಆಮೇಲೆ ಬಸುರಿಯಾಗಿ ತವರಿಗೆ ಹೋದಳು, ಅಲ್ಲಿಂದಲೂ ಫೋನು ಮಾಡಿ ಕೇಳಿದಳು. ಕೇಳಿದಷ್ಟೂ ದಾಕ್ಷಾಯಣಿಯ ಹಟ ಬೆಳೆಯಿತು. ಹುಣ್ಣಿದೆ ಎಂದು ಒಪ್ಪಿದರೆ ಅವಳ ಮಾತೇ ನಿಜವಾಗುತ್ತದೆ. ಅತ್ತೆ ಆಗ ಏನನ್ನುತ್ತಾರೆ? "ನಮ್ಮ ಕೋಕಿಲಾ ಹೇಳಿದ್ಲು ಕಣಮ್ಮ" ಅನ್ನುತ್ತಾರೆ. ಆ ಮಾತು ಕೇಳುವುದಕ್ಕಿಂತ ನೋವೇ ವಾಸಿ ಎನಿಸಿತು ಅವಳಿಗೆ. ಅಷ್ಟರಲ್ಲಿ ದವಡೆ ಬಿಗಿಯುತ್ತ ಬಂದು ಬಾಯಿಗೆ ಎರಡು ಬೆರಳು ಹಿಡಿಸದಾಯಿತು.

ಕೋಕಿಲಾ ಗಂಡುಕೂಸನ್ನೆತ್ತಿಕೊಂಡು ಮನೆಗೆ ಬಂದ ದಿನ ನಡುಮನೆ ತುಂಬ ಹೆಂಗಸರು. ಆರತಿಯಾಯಿತು, ತೊಟ್ಟಿಲಾಯಿತು. ಮುನಿಲಕ್ಷ್ಮಮ್ಮ ತಟ್ಟೆ ತರಿಸಿಕೊಂಡು ಎಲ್ಲಕ್ಕಿಂತ ಎಳೆಯ ಎಲೆಯನ್ನು ಆರಿಸಿದರು. ಮೂಲೆಯಲ್ಲಿ ನಿಂತಿದ್ದ ದಾಕ್ಷಾಯಣಿ ಆ ಎಲೆಯನ್ನೇ ನುಂಗುವಂತೆ ನೋಡಿದಳು. ತನಗೆಂದೂ ಅತ್ತೆ ಹೀಗೆ ಆರಿಸಿ ಕೊಟ್ಟವರಲ್ಲ.

ಕೋಕಿಲಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೈಮುಗಿದಳು. "ಅತ್ತೆ, ನಿಮ್ಮ ಕೈಯಿಂದ ಹಣ್ಣು ಕೊಡಿ, ಬೆಲ್ಲ ಕೊಡಿ, ಕಣ್ಣಿಗೊತ್ಕೊಂಡು ತಿಂತೀನಿ. ಇದೊಂದು ಬೇಡ."

"ಈ ಮನೇಗೆ ಬಂದ ಯಾವ ಸೊಸೇನೂ ಬೇಡ ಅಂದಿಲ್ಲ."

"ನಾನು ಅಂತಿದೀನಿ ಅತ್ತೆ. ಕೋಪ ಮಾಡ್ಕೋಬೇಡಿ."

ಹೆಂಗಸರು ಗುಸುಗುಸು ಶುರುಮಾಡಿದರು. ಮುನಿಲಕ್ಷ್ಮಮ್ಮನ ಮುಖ ಕೆಂಪಾಯಿತು. "ಬಿಡು. ನನ್ನ ಕೈ ಎಲೆಗೆ ಬೆಲೆ ಕೊಡೋರು ಈ ಮನೇಲಿ ಅವ್ರೆ. ರಕ್ಷಿತಾ, ಬಾ ಇಲ್ಲಿ. ಮದುವೆ ವಯಸ್ಸಾಗ್ತಾ ಬಂತು, ಇವತ್ತು ನೀನೇ ತಗೋ."

ದಾಕ್ಷಾಯಣಿಯ ಎದೆ ಉಬ್ಬಿತು. ಗೆದ್ದೆ! ಇಷ್ಟು ಜನರೆದುರು ಅವಳಿಗಿಲ್ಲದ ಮಾನ ನನ್ನ ಮಗಳಿಗೆ! ರಕ್ಷಿತಾ ಓಡಿಬಂದು, ಅಜ್ಜಿಯೆದುರು ಮಂಡಿಯೂರಿ, ನಗುತ್ತಾ ಬಾಯಿ ತೆರೆದಳು. ಇಡೀ ಲಾಡು ಹಿಡಿಸುವಂಥ ಬಾಯಿ. ಒಳಗೆಲ್ಲ ಕೆಂಪಗೆ, ಒಂದು ಕಲೆಯಿಲ್ಲ.

ಹೆತ್ತವಳ ನಾಲಗೆ ತನ್ನ ಎಡಗೆನ್ನೆಯ ಹುಣ್ಣನ್ನು ತಡವಿತು. ದಾಕ್ಷಾಯಣಿ ಮುಂದೆ ಬಂದವಳೇ ಅತ್ತೆಯ ಮುಂಗೈ ಹಿಡಿದಳು.

"ಬೇಡ ಅತ್ತೆ. ನನ್ನ ಮಗಳಿಗೆ ಬೇಡ."

"ಏನೇ, ನೀನೂ ಅವಳ ಪಾಠ ಕಲಿತ್ಯಾ?"

ದಾಕ್ಷಾಯಣಿ ಕಿಟಕಿಯ ಬೆಳಕಿಗೆ ತಿರುಗಿ, ತೆರೆದಷ್ಟು ಬಾಯಿ ತೆರೆದು, ಬೆರಳಿನಿಂದ ಎಡಗೆನ್ನೆಯನ್ನು ಎಳೆದು ಹಿಡಿದಳು. ಹತ್ತಿರ ಕೂತಿದ್ದವಳೊಬ್ಬಳು ಸೆರಗನ್ನು ಬಾಯಿಗೊತ್ತಿಕೊಂಡಳು. ಮುನಿಲಕ್ಷ್ಮಮ್ಮ ತಮ್ಮ ಹೊಸ ಕಣ್ಣಿನಿಂದ ಅದನ್ನು ನೋಡಿದರು.

"ಯಾವಾಗಿಂದ್ಲೇ ಇದು? ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇವಳು ಗೆಲ್ತಾಳೆ ಅಂತ."

ಕೋಕಿಲಾ ಕೂಸನ್ನು ಬಾಗಿಲಲ್ಲಿ ನಿಂತಿದ್ದ ಮಂಜುನಾಥನ ಕೈಗೆ ಕೊಟ್ಟು ಬಂದಳು. ಅವಳ ಕಣ್ಣು ತುಂಬಿತ್ತು. "ಅಕ್ಕ, ಈಗ್ಲೇ ಆಸ್ಪತ್ರೆಗೆ ಹೋಗೋಣ ಬನ್ನಿ."

"ಬರ್ತೀನಿ. ನಿನ್ನ ಕಂಡ್ರೆ ನನಗೆ ಇವತ್ತಿಗೂ ಆಗಲ್ಲ ಕೋಕಿಲಾ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನನ್ನ ಮಗಳು ನಿನ್ನ ವಯಸ್ಸಿಗೆ ಬಂದಾಗ ನಿನ್ನ ಹಂಗೇ ಬಾಯಿತುಂಬ ನಗಬೇಕು."

ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟರು, ರಕ್ಷಿತಾ ಅಮ್ಮನ ಕೈಹಿಡಿದು ಹಿಂದೆ ಓಡಿದಳು. ಎಲೆ ಮುನಿಲಕ್ಷ್ಮಮ್ಮನ ಕೈಯಲ್ಲೇ ಉಳಿಯಿತು. ಅಷ್ಟು ಹೆಂಗಸರಲ್ಲಿ ಒಬ್ಬಳೂ ಅದಕ್ಕೆ ಕೈ ಚಾಚಲಿಲ್ಲ.