ಹನ್ನೊಂದನೆಯ ಪಾಳಿ

ಹನ್ನೊಂದು ಮನೆಗಳ ಒಕ್ಕಣೆಯಲ್ಲಿ ಹನ್ನೊಂದನೆಯ ಪಾಳಿ ಸಬೀನಾ ಡೆವಾನಿಯದು. ಗಂಡ ಫೆಸ್ಟಸ್ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ ವರ್ಷ ಹಾಗಾಯಿತು, ಹೋಗಲಿ ಎಂದುಕೊಂಡಳು. ಮರುವರ್ಷವೂ ಹಾಗೇ ಆಯಿತು. ಹೋದ ವರ್ಷವೂ ಅಷ್ಟೇ. ಈ ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವಾಗ ಆಸ್ಟಿನ್ ಗಾಹನ್ ಪಾಳಿ ಓದಿದ. ಮೊದಲು ಅವನ ಮನೆ, ಕಡೆಗೆ ಇವಳ ಮನೆ. ಓದಿ ಮುಗಿಸಿ, ಅಯ್ಯೋ ಪಾಪ, ಗಂಡು ದಿಕ್ಕಿಲ್ಲದ ಮನೆ, ಎಲ್ಲರದೂ ಆದ ಮೇಲೆ ನಿನ್ನದನ್ನೂ ಮಾಡಿಕೊಟ್ಟೇ ಕೊಡುತ್ತೇವೆ ಎಂದು ಸಮಾಧಾನ ಬೇರೆ ಹೇಳಿದ. ಸಬೀನಾಳಿಗೆ ಮೈಯೆಲ್ಲ ಉರಿದುಹೋಯಿತು. ಆ ‘ಅಯ್ಯೋ ಪಾಪ’ವನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಕಡೆಯ ಪಾಳಿ ಎಂದರೆ ಏನೆಂದು ಅವಳ ಹೊಟ್ಟೆಗೆ ಗೊತ್ತು. ನೆಬ್ರಾಸ್ಕದ ಆ ಕಣಿವೆಗೆಲ್ಲ ಇದ್ದದ್ದು ಹ್ಯಾಸ್ಕೆಲ್ ಎಂಬವನ ಒಂದೇ ಒಕ್ಕಣೆ ಯಂತ್ರ, ಹತ್ತು ಕುದುರೆ ಸುತ್ತು ಹೊಡೆದರೆ ತಿರುಗುವಂಥದು. ಅದು ಹತ್ತು ಮನೆ ಮುಗಿಸಿ ಬರುವಷ್ಟರಲ್ಲಿ ಸೆಪ್ಟೆಂಬರಿನ ಮಳೆ ಹಿಡಿದಿರುತ್ತದೆ. ಹೋದ ವರ್ಷ ಆರು ದಿನ ಬಿಡದೆ ಸುರಿದು, ಹೊಲದಲ್ಲಿ ಕೊಯ್ದು ಕಟ್ಟಿ ನಿಲ್ಲಿಸಿದ್ದ ಸಿವುಡುಗಳಲ್ಲೇ ಗೋಧಿ ಮೊಳೆಯಿತು. ಮೊಳೆತ ಗೋಧಿಯ ಹಿಟ್ಟಿನ ರೊಟ್ಟಿ ಉಬ್ಬುವುದಿಲ್ಲ. ಹೊರಗೆ ಸೀದರೂ ಒಳಗೆ ಅಂಟು ಅಂಟು, ಒಂಥರಾ ಸಿಹಿ. ಏಳು ವರ್ಷದ ಮಗಳು ಡೀಲಿಯಾ ಅದನ್ನು ಉಂಡೆ ಮಾಡಿ ಗೋಡೆಗೆ ಹೊಡೆದರೆ ಅಲ್ಲೇ ಅಂಟಿಕೊಳ್ಳುತ್ತಿತ್ತು. ಚಳಿಗಾಲವಿಡೀ ತಾಯಿ ಮಗಳು ಅದನ್ನೇ ತಿಂದರು. ಬಿತ್ತನೆ ಬೀಜವನ್ನು ಆಸ್ಟಿನ್ ಕೊಟ್ಟ, ಜೊತೆಗೆ ಇನ್ನೊಂದು ‘ಅಯ್ಯೋ ಪಾಪ’ ಕೊಟ್ಟ, ಮುಂದಿನ ಸಲ ತನ್ನ ಕೈಲಾಗುವುದಿಲ್ಲ ಎಂದೂ ಹೇಳಿದ. ಐದು ವರ್ಷ ಬಿಡದೆ ಉತ್ತು ಬಿತ್ತಿದರೆ ಮಾತ್ರ ಸರ್ಕಾರ ಆ ನೆಲವನ್ನು ಬರೆದುಕೊಡುವುದು. ಇನ್ನೂ ಒಂದು ವರ್ಷ ಬಾಕಿ ಇತ್ತು. ಈ ಸಲವೂ ಗೋಧಿ ಮೊಳೆತರೆ ಬಿತ್ತಲು ಬೀಜವಿಲ್ಲ, ಬಿತ್ತದಿದ್ದರೆ ನೆಲವಿಲ್ಲ, ನೆಲ ಹೋದರೆ ಫೆಸ್ಟಸ್ ಸತ್ತದ್ದೂ ದಂಡ.

ಹಾಗಂತ ಅವಳೇನು ಧರ್ಮಕ್ಕೆ ಕೇಳುತ್ತಿರಲಿಲ್ಲ. ಅದನ್ನೇ ಯಾರ ತಲೆಗೂ ಹತ್ತಿಸಲಾಗದೆ ಒದ್ದಾಡುತ್ತಿದ್ದಳು. ಒಕ್ಕಣೆ ಎಂದರೆ ಮುಯ್ಯಾಳಿನ ವ್ಯವಹಾರ. ನಿನ್ನ ಕಣಕ್ಕೆ ನನ್ನ ಮನೆಯಿಂದ ಒಂದಾಳು, ನನ್ನ ಕಣಕ್ಕೆ ನಿನ್ನ ಮನೆಯಿಂದ ಒಂದಾಳು. ಐರ್ಲೆಂಡಿನ ಮೇಯೋದಲ್ಲೂ ಹೀಗೇ ಇತ್ತು, ಸಮುದ್ರ ದಾಟಿ ಬಂದ ಮೇಲೂ ಹೀಗೇ ಇದೆ. ಆಳು ಕಳಿಸದ ಮನೆ ಹಿಂದೆ ಬೀಳುವುದು ನ್ಯಾಯವೇ ಸರಿ. ಆದರೆ ಕಳಿಸಲು ಅವಳ ಮನೆಯಲ್ಲಿ ಆಳಿತ್ತು, ಅವಳೇ ಇದ್ದಳಲ್ಲ! ಒಂಬತ್ತನೆಯ ವಯಸ್ಸಿಗೇ ಅಪ್ಪನ ಕುಡುಗೋಲಿನ ಹಿಂದೆ ನಡೆದು ಸಿವುಡು ಕಟ್ಟಿದ ಕೈ ಅದು. ಯಂತ್ರದ ಬಾಯಿಯ ಪಕ್ಕ ಹಲಗೆಯ ಮೇಲೆ ನಿಂತು, ಬಂದ ಸಿವುಡಿನ ಕಟ್ಟನ್ನು ಚಾಕುವಿನಿಂದ ಕತ್ತರಿಸಿ ಒಳಗೆ ತಳ್ಳುವವನ ಕೈಗೆ ದಾಟಿಸಬೇಕು. ಅದಕ್ಕೆ ಬೇಕಾದದ್ದು ಕೈಚುರುಕು, ತೋಳಿನ ಬಲವಲ್ಲ. ಕಟ್ಟಿದವಳಿಗೆ ಬಿಚ್ಚಲು ಬಾರದೇ?

ಮೊದಲ ವರ್ಷ ಫೆಸ್ಟಸನ ಬೂಟು ಮೆಟ್ಟಿ, ಅವನ ಚಾಕು ಹಿಡಿದು ಹಲಗೆ ಹತ್ತಿಯೂ ಬಿಟ್ಟಿದ್ದಳು. ಆಸ್ಟಿನ್ ಬಂದು ಮೆಲ್ಲಗೆ ಚಾಕು ಕಸಿದುಕೊಂಡು, ಕೆಳಗಿಳಿದ ಮೇಲೆ ವಾಪಸು ಕೊಟ್ಟ. ಅವನು ಫೆಸ್ಟಸನ ದೊಡ್ಡಮ್ಮನ ಮಗ, ಗಂಡ ಹೆಂಡತಿ ಇಬ್ಬರನ್ನೂ ಕಾಗದ ಬರೆದು ಈ ದೇಶಕ್ಕೆ ಕರೆಸಿಕೊಂಡವನು, ಊರಿಗೆ ಯಜಮಾನನಂಥವನು. ಕೆಟ್ಟವನು ಎನ್ನಲಾಗದು. ಅವನ ತಾಯಿ ಜಮೀನ್ದಾರನ ಹೊಲಕ್ಕೆ ಕಡಲಪಾಚಿಯ ಗೊಬ್ಬರ ಹೊತ್ತು ಹೊತ್ತು, ಬುಟ್ಟಿ ಬೆನ್ನ ಮೇಲಿದ್ದಂತೆಯೇ ಬಿದ್ದು ಸತ್ತವಳು. ನಮ್ಮ ಹೆಂಗಸರು ಇನ್ನೊಮ್ಮೆ ಹೊಲದಲ್ಲಿ ಬಗ್ಗಬಾರದು ಅಂತಲೇ ನಾವು ಅಮೆರಿಕಕ್ಕೆ ಬಂದದ್ದು, ಎಂದು ಅವನು ಹೇಳಿದಾಗ ಹತ್ತು ಮನೆಯ ಗಂಡಸರೂ ತಲೆಯಾಡಿಸಿದರು. ಹೊಳೆಯಾಚೆ ಬೊಹೀಮಿಯಾದವರ ಹೆಂಗಸರು ಬರಿಗಾಲಲ್ಲಿ ಹೊಲಕ್ಕಿಳಿಯುವುದನ್ನು ನೋಡಿ ಇಲ್ಲಿನ ಅಮೆರಿಕದವರು ನಗುತ್ತಾರೆ, ನಾವೂ ಹಾಗೆ ಅನ್ನಿಸಿಕೊಳ್ಳಬೇಕೇ ಎಂದ. ಮರ್ಯಾದೆ ಊರಿನದಂತೆ, ಅಂಟು ರೊಟ್ಟಿ ಮಾತ್ರ ಇವಳದು.

ಹೊಲ ಬೇಡವಾದರೆ ಅಡುಗೆಮನೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಪಾಳಿ ಎಲ್ಲಿರುತ್ತದೋ ಆ ಮನೆಗೆ ಹೋಗಿ ಇಪ್ಪತ್ತೆರಡು ಗಂಡಸರಿಗೆ ಹಂದಿಮಾಂಸ ಹುರಿಯಬೇಕು, ಮೂಟೆಗಟ್ಟಲೆ ಆಲೂಗೆಡ್ಡೆ ಬೇಯಿಸಬೇಕು, ಪಾತ್ರೆ ಉಜ್ಜಬೇಕು. ಮೂರು ವರ್ಷ ಹತ್ತು ಮನೆಗಳ ಒಲೆಯ ಮುಂದೆಯೂ ಬೆಂದಳು. ಅದರಲ್ಲಿ ಒಂದು ದಿನವೂ ಮುಯ್ಯಿಯ ಲೆಕ್ಕಕ್ಕೆ ಬರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ; ಇವಳ ಪಾಲಿಗೆ ಕೆಸರೊಂದೇ ಗಟ್ಟಿ.

ಇಷ್ಟೂ ಸಾಲದೆ ಮುದುಕಿ ಬೇರೆ. ಊರಿನಲ್ಲಿ ಎಲ್ಲರಿಗಿಂತ ಕಡೆಗೆ ಫಸಲು ಮುಗಿಸಿದವರ ಮನೆಗೆ ಕಡೆಯ ಸಿವುಡಿನ ಹುಲ್ಲಿನಲ್ಲಿ ಮುದುಕಿಯ ಬೊಂಬೆ ಕಟ್ಟಿ ಎಸೆಯುವುದು ಮೇಯೋದವರ ಪದ್ಧತಿ. ಮುದುಕಿ ಹೊಕ್ಕ ಮನೆಯವರು ವರ್ಷವಿಡೀ ಅವಳ ಹೊಟ್ಟೆ ತುಂಬಿಸಬೇಕು, ಎಲ್ಲದರಲ್ಲೂ ಹಿಂದೆ ಬೀಳಬೇಕು. ಅವಳಿರುವ ಮನೆಯಲ್ಲಿ ಎಲ್ಲರಿಗಿಂತ ಮೊದಲು ಒಕ್ಕಿದರೆ ಇಡೀ ಊರಿನ ಕಾಳು ಜೊಳ್ಳಾಗುತ್ತದೆ ಎಂದು ನಂಬಿಕೆ. ಬಿಡಿಸಿಕೊಳ್ಳಲು ದಾರಿ ಒಂದೇ: ಹೊಸ ಒಕ್ಕಣೆ ಶುರುವಾಗುವ ಮುಂಚೆ ಅವಳನ್ನು ಇನ್ನೊಬ್ಬರ ಕಣದಲ್ಲಿ ಕೂರಿಸಿ ಬರಬೇಕು. ಆಮೇಲೆ ಮೊದಲು ಅವಳನ್ನು ಮುಟ್ಟಿದವರ ಮನೆಗೆ ಅವಳು ಹೋಗುತ್ತಾಳೆ. ಹಡಗಿನಲ್ಲಿ ಬರುವಾಗ ಮಡಕೆ ಕುಡಿಕೆ ಬಿಟ್ಟು ಬಂದವರು ಈ ಹೆದರಿಕೆಯನ್ನು ಮಾತ್ರ ಜೋಪಾನವಾಗಿ ತಂದಿದ್ದರು. ಮೂರು ವರ್ಷವೂ ಮುದುಕಿ ಸಬೀನಾಳ ಬಾಗಿಲಿಗೇ ಬಂದು ಬಿದ್ದಳು. ಮೊದಲೆರಡನ್ನು ವಸಂತದಲ್ಲಿ ಉಳುವ ಕುದುರೆಗೆ ತಿನ್ನಿಸಿದಳು. ಮೂರನೆಯದನ್ನು ಹೊಟ್ಟೆಯುರಿಗೆ ಹಾಗೇ ಮೊಳೆಗೆ ನೇತುಹಾಕಿದ್ದಳು.

ಸೋಮವಾರ ಬೆಳಗ್ಗೆ ಗಾಹನ್‌ನ ಅಡುಗೆಮನೆಗೆ ಹೋದಾಗ ಅವಳ ಕಾಲಲ್ಲಿ ಫೆಸ್ಟಸನ ಬೂಟಿತ್ತು, ಶಾಲಿನೊಳಗೆ ಆ ಮುದುಕಿ ಇದ್ದಳು. ಆಸ್ಟಿನ್‌ನ ಹೆಂಡತಿ ವಿನಿ ನಸುಕಿನಿಂದ ಒಲೆಯ ಮುಂದೆ ನಿಂತು ಮುಖವೆಲ್ಲ ಕೆಂಪಾಗಿತ್ತು. ಮುಂಗೈಯಲ್ಲಿ ಸುಟ್ಟ ಬೊಬ್ಬೆ. ತಡವಾಗಿ ಬಂದೆ ಎಂದು ಸಬೀನಾಳ ಮೇಲೆ ಸಿಡುಕಿದಳು. ಇವತ್ತು ನಾನು ಒಲೆ ಮುಂದೆ ನಿಲ್ಲುವುದಿಲ್ಲ, ಹಲಗೆಯ ಮೇಲೆ ನಿಲ್ಲುತ್ತೇನೆ ಎಂದಳು ಸಬೀನಾ. ನಿನಗೆ ನಾಚಿಕೆಯಿಲ್ಲದಿದ್ದರೆ ನಮಗಾದರೂ ಇರಬೇಡವೇ, ಬೂಟು ಹಾಕಿಕೊಂಡು ಗಂಡಸರ ನಡುವೆ ನಿಲ್ಲುತ್ತಾಳಂತೆ, ಎಂದು ವಿನಿ ಸೌಟಿನಿಂದಲೇ ಬಾಗಿಲು ತೋರಿಸಿದಳು. ಇವಳಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಎಂದುಕೊಂಡು ಸಬೀನಾ ಕಣಕ್ಕೆ ನಡೆದಳು.

ಕಣದಲ್ಲಿ ಕುದುರೆಗಳನ್ನು ಕಟ್ಟಿಯಾಗಿತ್ತು. ನೈಋತ್ಯದ ಆಕಾಶದಲ್ಲಿ ತೆಳು ಮೋಡ ಎಳೆ ಎಳೆಯಾಗಿ ಹರಡಿತ್ತು. ಸಬೀನಾ ಆಸ್ಟಿನ್‌ನ ಎದುರು ನಿಂತು ಕೊನೆಯ ಸಲ ಕೇಳಿದಳು. ಹತ್ತು ಮನೆಗೂ ನಾನು ಆಳಾಗಿ ಬರುತ್ತೇನೆ, ಕಟ್ಟು ಕತ್ತರಿಸುತ್ತೇನೆ, ಯಾರಿಗಾದರೂ ಹಿಂದೆ ಬಿದ್ದರೆ ಅಲ್ಲೇ ಇಳಿಸಿಬಿಡಿ. ಮೊದಲ ಪಾಳಿ ನನಗೆ ಬೇಡ, ನಾಲ್ಕನೆಯದೋ ಐದನೆಯದೋ ಕೊಡಿ ಎಂದಳು. ಆಸ್ಟಿನ್ ಅಷ್ಟನ್ನೂ ಕೇಳಿಸಿಕೊಂಡು, ಎಲ್ಲರ ಕಡೆ ತಿರುಗಿ ನಕ್ಕು, ಅಯ್ಯೋ ಪಾಪ ಎಂದ.

ಅಷ್ಟೇ ಸಾಕಾಯಿತು. ಅವಳು ಹಲಗೆ ಹತ್ತಿ, ಶಾಲಿನೊಳಗಿಂದ ಮುದುಕಿಯನ್ನು ತೆಗೆದು, ಯಂತ್ರದ ಬಾಯಿಗೆ ಅಡ್ಡಲಾಗಿ ಕೂರಿಸಿ, ಕೆಳಗಿಳಿದು ಕೈಕಟ್ಟಿ ನಿಂತಳು.

ಇಪ್ಪತ್ತೆರಡು ಗಂಡಸರು ಹಾವು ಕಂಡವರಂತೆ ಎರಡು ಹೆಜ್ಜೆ ಹಿಂದೆ ಸರಿದರು. ಯಂತ್ರದ ಯಜಮಾನ ಹ್ಯಾಸ್ಕೆಲ್ ಅಮೆರಿಕದವನು, ಅವನಿಗೆ ತಲೆಬುಡ ತಿಳಿಯಲಿಲ್ಲ. ಒಂದು ಹಿಡಿ ಹುಲ್ಲಿಗೆ ಇಷ್ಟು ರಂಪವೇ ಎಂದು ತಾನೇ ಕೈ ಚಾಚಿದ. ಮುಟ್ಟಿದರೆ ಅವಳು ನಿನ್ನ ಯಂತ್ರಕ್ಕೇ ಅಂಟುತ್ತಾಳೆ, ಆಮೇಲೆ ನಮ್ಮಲ್ಲಿ ಒಬ್ಬನೂ ಅದರ ಹತ್ತಿರ ನಿಲ್ಲುವುದಿಲ್ಲ ಎಂದು ನಾಲ್ಕು ಜನ ಒಟ್ಟಿಗೇ ಹೇಳಿದರು. ಹ್ಯಾಸ್ಕೆಲ್ ಕೈ ಹಿಂದೆಗೆದು ಪೈಪು ಹಚ್ಚಿದ. ಮಧ್ಯಾಹ್ನದೊಳಗೆ ಗಾಲಿ ತಿರುಗದಿದ್ದರೆ ಹೊಳೆಯಾಚೆಯ ಬೊಹೀಮಿಯಾದವರ ಕಣಕ್ಕೆ ಹೋಗುತ್ತೇನೆ, ಅವರಿಗೆ ಇಂಥ ಕಾಯಿಲೆಗಳಿಲ್ಲ ಎಂದ.

ಮೊದಲು ರಮಿಸಿದರು. ಆಮೇಲೆ ಪಾದ್ರಿಗೆ ಹೇಳುತ್ತೇವೆ ಎಂದರು. ಫೆಸ್ಟಸ್ ಇದ್ದಿದ್ದರೆ ನಾಚಿ ಸಾಯುತ್ತಿದ್ದ ಎಂದ ಒಬ್ಬ. ಅವನು ಆಗಲೇ ಸತ್ತಿದ್ದಾನೆ, ಅದಕ್ಕೇ ಈ ಪಾಡು ಎಂದಳು ಸಬೀನಾ. ಬಿಸಿಲೇರಿತು. ಕುದುರೆಗಳು ಕಾಲು ಬದಲಿಸಿದವು. ಕಡೆಗೆ ಆಸ್ಟಿನ್ ಟೋಪಿ ತೆಗೆದು ಬೆವರೊರೆಸಿಕೊಂಡ.

“ಸರಿ, ಆಯ್ತು. ಎರಡನೇ ಪಾಳಿ ನಿಂದೇ. ತಗೊಂಡ್ಹೋಗು ನಿನ್ನ ಮುದುಕೀನ. ಇಷ್ಟು ಜನದ ಮುಂದೆ ಧರ್ಮಕ್ಕೆ ಕೊಡ್ತಿದೀನಿ, ನೆನಪಿರ್ಲಿ.”

ಗೆದ್ದಳು ಅನ್ನಬೇಕು. ಎರಡನೆಯ ಪಾಳಿ! ಮಳೆಗೆ ಮೊದಲೇ ಕಾಳು ಮನೆ ಸೇರುತ್ತದೆ. ಕೈ ಚಾಚಿ ಮುದುಕಿಯನ್ನು ಎತ್ತಿಕೊಂಡರೆ ಮುಗಿಯಿತು. ಆದರೆ ಕೈ ಏಳಲಿಲ್ಲ. ಈ ವರ್ಷ ಧರ್ಮಕ್ಕೆ ಕೊಟ್ಟದ್ದನ್ನು ಮುಂದಿನ ವರ್ಷ ಧರ್ಮಕ್ಕೇ ಕಿತ್ತುಕೊಳ್ಳಬಹುದಲ್ಲ. ಅಳು ಬರುವಷ್ಟು ಸಿಟ್ಟು ಬಂತು.

“ಧರ್ಮಕ್ಕೆ ಬೇಡ ಭಾವ. ಮೂರು ವರ್ಷ ಹತ್ತು ಮನೆಗೆ ದುಡ್ದಿದೀನಿ. ಅದನ್ನ ಆಳು ಅಂತ ಒಪ್ಕೊಳ್ಳಿ, ಆಮೇಲೆ ಎತ್ಕೋತೀನಿ.”

“ಎಲ್ಲಿ ದುಡ್ದೆ? ಒಲೆ ಮುಂದೆ ತಾನೇ?” ಆಸ್ಟಿನ್‌ಗೂ ಸಹನೆ ಕೆಟ್ಟಿತ್ತು. “ಹೆಂಗಸ್ರು ಬೆಚ್ಚಗೆ ಕೂತ್ಕೊಂಡು ಗೆಡ್ಡೆ ಬೇಯ್ಸೋದೂ ಒಂದು ಕೆಲಸ ಅಂತ ಹಿಡಿದ್ರೆ, ನಮ್ಮನೆ ಬೆಕ್ಕಿಗೂ ಒಂದಾಳು ಕೊಡ್ಬೇಕಾಗತ್ತೆ.”

ಗಂಡಸರು ಗೊಳ್ಳೆಂದು ನಕ್ಕರು. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ಆಸ್ಟಿನ್‌ನ ಹಿಂದೆ ವಿನಿ ನಿಂತಿದ್ದಳು. ಕೆಲಸದವರಿಗೆ ಕಾಫಿಯ ಕ್ಯಾನು ಹೊತ್ತು ತಂದಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಕ್ಯಾನನ್ನು ಕೆಳಗಿಟ್ಟಳು. ಸುಟ್ಟ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಲಂಗ ಎತ್ತಿಕಟ್ಟಿ, ಹತ್ತು ಮನೆಯ ಗಂಡಸರ ಎದುರಿಗೇ, ಹಲಗೆ ಹತ್ತಿದಳು.

“ಮುಟ್ಬೇಡ ಕಣೇ ವಿನಿ. ಮುಟ್ಟಿದ್ರೆ ನಮ್ಮನೆಗೆ ಬರ್ತಾಳೆ,” ಎಂದ ಆಸ್ಟಿನ್.

“ಗೊತ್ತು. ನಾನೂ ಮೇಯೋದವಳೇ.” ಅವಳು ಮುದುಕಿಯ ಸೊಂಟಕ್ಕೆ ಕೈಹಾಕಿ ಎತ್ತಿಕೊಂಡಳು. “ಬೆಚ್ಚಗೆ ಕೂತ್ಕೊಂಡಿರೋ ಮನೆ ಅಲ್ವಾ, ಇವಳಿಗೂ ಒಂದು ಮೂಲೆ ಇರತ್ತೆ. ಇಪ್ಪತ್ತೆರಡು ಗಂಡಸ್ರಿಗೆ ಬೇಯ್ಸಿ ಹಾಕೋಳಿಗೆ ಒಂದು ಮುದುಕಿ ಹೆಚ್ಚಾಗ್ತಾಳಾ?”

ಮುದುಕಿ ಗಾಹನ್‌ನ ಮನೆಯವಳಾಗಿದ್ದಳು. ಇನ್ನು ಆ ಕಣದಲ್ಲಿ ಮೊದಲ ಸಿವುಡು ಹಾಕಲು ಮೇಯೋದ ಗಂಡಸು ಒಬ್ಬನೂ ಒಪ್ಪುವಂತಿರಲಿಲ್ಲ. ಎರಡನೆಯ ಪಾಳಿಯೇ ಮೊದಲನೆಯದಾಯಿತು, ಮೊದಲನೆಯದು ಸಬೀನಾ ಬಿಟ್ಟ ಹನ್ನೊಂದಕ್ಕೆ ಹೋಯಿತು. ಹ್ಯಾಸ್ಕೆಲ್ ಯಾರನ್ನೋ ಬೈಯುತ್ತ, ಯಂತ್ರವನ್ನು ಡೆವಾನಿ ಹೊಲಕ್ಕೆ ಎಳೆಯಲು ಕುದುರೆಗಳನ್ನು ಬಿಚ್ಚತೊಡಗಿದ.

ವಿನಿ ಕೆಳಗಿಳಿದು ಸಬೀನಾಳ ಮುಂದೆ ಬಂದಳು. ಮುಖದಲ್ಲಿ ಪ್ರೀತಿಯೇನೂ ಇರಲಿಲ್ಲ. ಬೆಳಗ್ಗೆ ಸೌಟು ತೋರಿಸಿದಾಗಿನ ಅದೇ ಗಂಟುಮುಖ.

“ಅಲ್ಲಿ ನಿಮ್ಮನೆ ಒಲೆ ಯಾರು ನೋಡ್ತಾರೆ?”

ಸಬೀನಾ ಅದನ್ನು ಯೋಚಿಸಿಯೇ ಇರಲಿಲ್ಲ. ತಾನು ಒಲೆಯ ಮುಂದೆ ನಿಂತರೆ ಹಲಗೆ ಖಾಲಿ, ಹಲಗೆ ಹತ್ತಿದರೆ ಇಪ್ಪತ್ತೆರಡು ಹೊಟ್ಟೆ ಖಾಲಿ. ಗೆದ್ದ ಮೇಲೂ ಇದೆಂಥ ಹಣೆಬರಹ ಎಂದು ಅವಳಿಗೆ ಸಾಕುಸಾಕಾಯಿತು.

“ನಾನು ನಿಂತ್ಕೋತೀನಿ,” ಎಂದಳು ವಿನಿ. “ನೀನು ಹಲಗೆ ಹತ್ತು. ಪುಕ್ಕಟೆ ಅಂದ್ಕೋಬೇಡ ಮತ್ತೆ. ನಮ್ಮ ಪಾಳಿ ಬಂದಾಗ ನೀನು ನಮ್ಮನೆ ಹಲಗೆ ಹತ್ಬೇಕು. ದಿನಕ್ಕೆ ದಿನ. ಮಳೆ ಬಂತು, ಮಗೂಗೆ ಜ್ವರ ಅಂತ ತಪ್ಪಿಸ್ಕೊಂಡ್ರೆ ಮನೆ ಬಾಗಿಲಿಗೆ ಬಂದು ಎಳ್ಕೊಂಡು ಹೋಗ್ತೀನಿ. ಮುಯ್ಯಿ ಅಂದ್ರೆ ಮುಯ್ಯಿ.”

ಮೂರು ವರ್ಷದಲ್ಲಿ ಊರು ಸಬೀನಾಳಿಗೆ ಬೀಜ ಕೊಟ್ಟಿತ್ತು, ಹಳೆಯ ಬಟ್ಟೆ ಕೊಟ್ಟಿತ್ತು, ಕನಿಕರವನ್ನಂತೂ ಬೊಗಸೆ ತುಂಬ ಕೊಟ್ಟಿತ್ತು. ತಿರುಗಿ ಕೊಡು ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

“ಬರ್ತೀನಿ ಅಕ್ಕ,” ಎಂದಳು. “ತೀರಿಸ್ತೀನಿ.”

ವಿನಿ ಮುದುಕಿಯನ್ನು ಕಂಕುಳಲ್ಲಿ ಅವುಚಿಕೊಂಡು ಮನೆಯ ಕಡೆ ನಡೆದಳು. ಸಬೀನಾ ಫೆಸ್ಟಸನ ಚಾಕು ತೆಗೆದು ಬೂಟಿನ ತೊಗಲಿಗೆ ಉಜ್ಜಿ ಹದ ಮಾಡಿಕೊಂಡು ಯಂತ್ರದ ಹಿಂದೆ ಹೊರಟಳು.