ಏಳನೆಯ ದಿನದ ಜಪ

ತೀರಿಹೋದ ಗಂಡನ ಜಪಮಾಲೆಯನ್ನು ದೋನ್ಯಾ ಎಲೋಯ್ಸಾ ತೋಮಾಸಾಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿ ಮುಚ್ಚಿದಳು.

"ಇವತ್ತು ಇದ್ರಲ್ಲೇ ಹೇಳಮ್ಮ. ಐವತ್ತು ವರ್ಷ ಅವರ ಕೈ ಬಿಟ್ಟಿರಲಿಲ್ಲ ಇದು. ಪೆಟ್ಟಿಗೆ ಒಳಗೆ ಇಡೋಣ ಅಂದ್ಕೊಂಡಿದ್ದೆ, ಮನಸ್ಸು ಬರಲಿಲ್ಲ."

ಅದು ಬೆಚ್ಚಗಿತ್ತು. ಎಲೋಯ್ಸಾಳ ಜೇಬಿನ ಬಿಸಿ ಎಂದು ಗೊತ್ತಿದ್ದರೂ ತೋಮಾಸಾಳ ತೋಳಿನ ಕೂದಲು ನಿಮಿರಿತು. ಒಂದು ಕಾಲಕ್ಕೆ ಕಂದು ಮರದ ಮಣಿಗಳಾಗಿದ್ದವು. ಬೆರಳ ಜಿಡ್ಡು, ತಲೆಗೆ ಹಚ್ಚುವ ಎಣ್ಣೆ, ಹೊಗೆಸೊಪ್ಪು ಎಲ್ಲ ಕೂಡಿ ಈಗ ಕರ್ರಗೆ ಹೊಳೆಯುತ್ತಿದ್ದವು. ದಾರದ ಗಂಟುಗಳಲ್ಲಿ ಕೊಳೆ ಮೆತ್ತಿಕೊಂಡಿತ್ತು. ಅಂಗೈ ಬೆವರಿದಂತೆ ಮಣಿಗಳು ಚರ್ಮಕ್ಕೆ ಅಂಟತೊಡಗಿದವು.

ಹಜಾರದಲ್ಲಿ ಮೂವತ್ತು ಜನ ಕುರ್ಚಿಗಳಲ್ಲಿ ಕಾಯುತ್ತಿದ್ದರು. ಶವಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ಸುಣ್ಣದಿಂದ ಬರೆದ ಶಿಲುಬೆ, ಸುತ್ತ ನಾಲ್ಕು ಮೇಣದಬತ್ತಿ. ವಾರದಿಂದ ಬಕೆಟ್ಟುಗಳಲ್ಲಿ ನಿಂತಿದ್ದ ಸುಗಂಧರಾಜದ ದಂಟುಗಳು ಕೊಳೆತು ನೀರು ಲೋಳೆಯಾಗಿತ್ತು. ಅಡುಗೆಮನೆಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಜೋಳದ ಹಿಟ್ಟಿನ ತಮಾಲೆಗಳು ಬೇಯುತ್ತಿದ್ದವು. ಹಂದಿಕೊಬ್ಬಿನ ವಾಸನೆ, ಹೂವಿನ ವಾಸನೆ ಒಂದರೊಳಗೊಂದು ಬೆರೆತು ಗಂಟಲಲ್ಲಿ ಕೂರುತ್ತಿದ್ದವು.

ಕಾಫಿ ತೋಟಗಳ ಆ ಊರಿಗೆ ಪಾದ್ರಿ ಬರುತ್ತಿದ್ದುದು ಹದಿನೈದು ದಿನಕ್ಕೊಮ್ಮೆ. ಸಾವಿನ ಮನೆಯ ಒಂಬತ್ತು ದಿನದ ಜಪ ನಡೆಸಲು ತೋಮಾಸಾಳೇ ಬೇಕು. ಇಪ್ಪತ್ತು ವರ್ಷಗಳಲ್ಲಿ ಅವಳು ಯಾರಿಗೂ ಇಲ್ಲ ಎಂದವಳಲ್ಲ. ತಮ್ಮನನ್ನೇ ಇರಿದವನಿಗೂ ಜಪ ಹೇಳಿದ್ದಳು, ವಿಷ ಕುಡಿದ ಹುಡುಗಿಗೂ ಹೇಳಿದ್ದಳು. ಅವಳಿಗಿಂತ ಮೊದಲು ಆ ಕೆಲಸ ಮಾಡುತ್ತಿದ್ದವನು ಎಲೋಯ್ಸಾಳ ಗಂಡ, ಈ ಫಾಕುಂಡೋ. ಅವನ ಗಂಟಲು ಬಿದ್ದುಹೋದ ಮೇಲೆ ಊರವರು ಇವಳನ್ನು ಕರೆಯತೊಡಗಿದ್ದರು. ಅವನೇ ಸತ್ತ ಸುದ್ದಿ ಬಂದಾಗ ಆಗುವುದಿಲ್ಲ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು. ಹೇಳಲಿಲ್ಲ. ಆರು ದಿನ ತನ್ನ ಜಪಮಾಲೆ ಹಿಡಿದು, ಸುಣ್ಣದ ಶಿಲುಬೆಯ ಕಡೆ ನೋಡದೆ, ಜಪ ಮುಗಿಸಿ ಕಾಫಿಯನ್ನೂ ಕುಡಿಯದೆ ಮನೆಗೆ ಹೋಗಿದ್ದಳು.

ಮೂವತ್ತೊಂದು ವರ್ಷದ ಹಿಂದೆ, ಕಾಫಿ ಮೂಟೆಯ ಲಾರಿ ತಿರುವಿನಲ್ಲಿ ಮಗುಚಿ ಅವಳ ಗಂಡ ಸೆವೇರೋ ಸತ್ತಿದ್ದ. ಅವಳಿಗೆ ಇಪ್ಪತ್ತಾರು. ಒಂಬತ್ತು ದಿನವೂ ಬಂದು ಜಪ ನಡೆಸಿದವನು ಫಾಕುಂಡೋ. ಎದೆ ಬಡಿದುಕೊಂಡು ಅಳುತ್ತಿದ್ದ ಅವಳಿಗೆ ಉಸಿರು ಹಿಡಿಯುವುದನ್ನು ಕಲಿಸಿದವನೂ ಅವನೇ. ಒಂದು ಮಣಿಗೆ ಒಂದು ಉಸಿರು. ನಮೋ ಮರಿಯೆ ಎಂಬಲ್ಲಿ ಒಳಗೆ, ಪಾಪಿಗಳಾದ ನಮಗಾಗಿ ಎಂಬಲ್ಲಿ ಹೊರಗೆ. ಅದರಿಂದ ಗುಣ ಕಂಡಿತ್ತು. ಮೂರನೆಯ ದಿನಕ್ಕೆ ಅವಳಿಗೆ ನಿದ್ದೆ ಹತ್ತಿತ್ತು.

ಒಂಬತ್ತನೆಯ ಸಂಜೆ ಎಲ್ಲರೂ ಊಟಕ್ಕೆಂದು ಹಿತ್ತಲಿಗೆ ಹೋದಾಗ ಅವನು ಅವಳ ಪಕ್ಕದಲ್ಲೇ ಉಳಿದ. ಇನ್ನೊಂದು ಸುತ್ತು ಇಬ್ಬರೇ ಹೇಳೋಣ ಎಂದ. ಮಣಿಯ ಮೇಲಿದ್ದ ಅವಳ ಕೈ ಮೇಲೆ ತನ್ನ ಕೈಯಿಟ್ಟ. ಆಮೇಲೆ ಆ ಕೈ ಮಣಿಗಳನ್ನು ಬಿಟ್ಟು ಅವಳ ಮೈ ಮೇಲೆ ಹರಿಯಿತು. ತುಟಿಗಳು ಮಾತ್ರ ಒಂದು ಪದವನ್ನೂ ತಪ್ಪದೆ ಜಪ ಹೇಳುತ್ತಲೇ ಇದ್ದವು. ಅವಳು ಕಲ್ಲಾಗಿ ಕುಳಿತಿದ್ದಳು. ಹತ್ತು ಮಣಿ ಮುಗಿದ ಮೇಲೆ ಅವನು ಶಿಲುಬೆಗೆ ಮುತ್ತಿಟ್ಟು, ಮೀಸೆ ಒರೆಸಿಕೊಂಡು ಕಾಫಿ ಕುಡಿಯಲು ಹೋದ.

ಒಂದು ವರ್ಷ ಅವಳು ಜಪ ಬಿಟ್ಟಿದ್ದಳು. ನಿದ್ದೆಯೂ ಹೋಯಿತು, ಮೈಯೂ ಬತ್ತಿತು. ಕೊನೆಗೆ ಒಂದು ಬೆಳಗ್ಗೆ ಮಣಿ ಹಿಡಿದಳು, ಅದೇ ಉಸಿರಿನಲ್ಲಿ. ಅಂದಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಒಲೆ ಹಚ್ಚುವ ಮೊದಲು ಮಂಚದ ಅಂಚಿನಲ್ಲಿ ಕೂತು, ಐದು ಸಲ ಹತ್ತು ಮಣಿ. ಆ ಹೊತ್ತಿನಲ್ಲಿ ಮಾತ್ರ ಅವಳ ತಲೆಯೊಳಗೆ ಯಾರೂ ಇರುತ್ತಿರಲಿಲ್ಲ. ಅದು ತನ್ನದು, ಯಾರಿಂದ ಬಂದದ್ದಾದರೂ ಈಗ ತನ್ನದು ಎಂದು ಅವಳು ನಂಬಿದ್ದಳು.

ಜಪ ಶುರುಮಾಡುವವರು ಮೊದಲು ಶಿಲುಬೆಗೆ ಮುತ್ತಿಡಬೇಕು. ತೋಮಾಸಾ ಕರಿಮಾಲೆಯ ಶಿಲುಬೆಯನ್ನು ತುಟಿಯ ಹತ್ತಿರ ತಂದಳು. ಐವತ್ತು ವರ್ಷ ಅವನ ತುಟಿ ತಾಗಿ ಅದರ ಮೇಲಿನ ಮೂರ್ತಿಯ ಮುಖವೇ ಸವೆದುಹೋಗಿತ್ತು. ಹಳೆಯ ಎಂಜಲಿನ, ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಅವಳು ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹಿತ್ತಲಿಗೆ ಓಡಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ವಾಂತಿ ಮಾಡಿಕೊಂಡಳು.

ತಮಾಲೆ ಬೇಯಿಸುತ್ತಿದ್ದ ಹಸಿಂತಾ ಚೊಂಬಿನಲ್ಲಿ ನೀರು ತಂದಳು. ಅವಳೂ ತೋಮಾಸಾಳೂ ಅಕ್ಕಪಕ್ಕದ ಮನೆಯವರು, ಒಂದೇ ವರ್ಷ ಮದುವೆಯಾಗಿ ಒಂದೇ ಬೀದಿಗೆ ಬಂದವರು. ಬೆಳಗ್ಗೆ ಏನು ತಿಂದೆ ಎಂದು ಹಸಿಂತಾ ವಿಚಾರಿಸಿದಳು. ಆಮೇಲೆ ತೋಮಾಸಾಳ ಕೈಯಲ್ಲಿದ್ದುದನ್ನು ನೋಡಿದಳು.

"ಅದನ್ನ ನಿನ್ನ ಕೈಗೆ ಕೊಟ್ಳಾ?" ಎಂದಳು ದನಿ ತಗ್ಗಿಸಿ. "ಅವಳಿಗೆ ಬುದ್ಧಿ ಬೇಡ್ವಾ."

ತೋಮಾಸಾ ತಲೆಯೆತ್ತಿದಳು. "ಯಾಕೆ ಕೊಡಬಾರ್ದಿತ್ತು?"

ಹಸಿಂತಾ ಸೆರಗಿನಂತೆ ಹೊದ್ದಿದ್ದ ಶಾಲಿಗೆ ಕೈ ಒರೆಸಿಕೊಂಡಳು. "ನಾನು ಅವತ್ತು, ಸೆವೇರೋನ ಒಂಬತ್ತನೇ ದಿನ, ನಿನಗೆ ಕಾಫಿ ತಂದಿದ್ದೆ ಕಣೇ. ಬಾಗಿಲವರೆಗೂ ಬಂದು ವಾಪಸ್ ಹೋದೆ. ಅವನ ಬುದ್ಧಿ ಊರಿಗೇ ಗೊತ್ತಿತ್ತಲ್ಲ. ಯಾರೂ ಹೆಣ್ಮಕ್ಕಳನ್ನ ಅವನ ಪಕ್ಕ ಕೂರಿಸ್ತಿರಲಿಲ್ಲ."

"ನನ್ನನ್ನ ಕೂರಿಸಿದ್ರಿ."

"ನೀನು ಸಾವಿನ ಮನೆಯವಳು. ಕೂರಲೇಬೇಕಿತ್ತು." ಹಸಿಂತಾ ಒಲೆಯ ಕಡೆ ನೋಡಿದಳು. "ಈಗ ಸತ್ನಲ್ಲ, ಬಿಡು. ಇನ್ನೆರಡು ದಿನ. ಬಾಯಿ ಮುಕ್ಕಳಿಸ್ಕೊಂಡು ಹೋಗು, ತಮಾಲೆ ಆರಿಹೋಗುತ್ತೆ."

ಹಸಿಂತಾಳ ಬೆರಳುಗಳಿಗೆ ಇನ್ನೂ ಹಿಟ್ಟು ಮೆತ್ತಿತ್ತು, ಗಲ್ಲಕ್ಕೆ ಕೊಬ್ಬು ಹತ್ತಿತ್ತು. ಮೂವತ್ತೊಂದು ವರ್ಷ ಈ ಮುಖ ಬೇಲಿಯಾಚೆಯಿಂದ ಉಪ್ಪು ಕೇಳಿತ್ತು, ಜ್ವರಕ್ಕೆ ಕಷಾಯ ಕೊಟ್ಟಿತ್ತು. ಫಾಕುಂಡೋನನ್ನು ಕಂಡಾಗ ಬರುತ್ತಿದ್ದುದಕ್ಕಿಂತ ಹೆಚ್ಚಿನ ಹೇಸಿಗೆ ಈಗ ತೋಮಾಸಾಳಿಗೆ ಬಂತು. ಚೊಂಬಿನ ನೀರನ್ನು ಮುಟ್ಟದೆ ನಲ್ಲಿ ತಿರುಗಿಸಿ ಬಾಯಿ ತೊಳೆದಳು.

ಒಳಗೆ ಎಲ್ಲರೂ ಇದ್ದಲ್ಲೇ ಕೂತಿದ್ದರು. ತೋಮಾಸಾ ನಿಂತುಕೊಂಡೇ, ಪ್ರತಿ ಹತ್ತು ಮಣಿಗೆ ಮೊದಲು ಯೇಸುವಿನ ದುಃಖದ ರಹಸ್ಯಗಳನ್ನು ಸಾರುವ ಅದೇ ದನಿಯಲ್ಲಿ ಹೇಳಿದಳು.

"ಇವರಿಗೋಸ್ಕರ ನಾನು ಇನ್ನು ಜಪ ಹೇಳೋದಿಲ್ಲ. ನನ್ನ ಗಂಡನ ಒಂಬತ್ತನೇ ದಿನ ಇವರು ಬಾಯಲ್ಲಿ ಜಪ ಹೇಳ್ಕೊಂಡೇ ನನ್ನ ಮೈಗೆ ಕೈ ಹಾಕಿದ್ರು. ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ."

ಹಿಂದಿನ ಸಾಲಿನ ಇಬ್ಬರು ಹೆಂಗಸರು ನೆಲ ನೋಡಿದರು. ಒಬ್ಬ ಮುದುಕ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಿದ್ದ. ತೋಮಾಸಾ ಜಪಮಾಲೆಯನ್ನು ಎಲೋಯ್ಸಾಳ ಮಡಿಲಲ್ಲಿಟ್ಟಳು. ಎಲೋಯ್ಸಾ ಅಳಲಿಲ್ಲ, ಸುಳ್ಳು ಎನ್ನಲಿಲ್ಲ. ಮಾಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಸೇರಿಸಿದಳು.

"ಮತ್ತೆ ಇವತ್ತು, ಉಳಿದ ಎರಡು ದಿನ ಯಾರು ಹೇಳ್ತಾರೆ?" ಎಂದಳು.

ತೋಮಾಸಾ ಹೊರಗೆ ಬಂದಳು. ಬಿಸಿಲಿನ್ನೂ ಇತ್ತು. ಬೀದಿಯ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಜಪ ಶುರುವಾದದ್ದು ಕೇಳಿಸಿತು. ಯಾರೋ ತೊದಲುತ್ತಾ ಎರಡನೆಯ ರಹಸ್ಯವನ್ನು ಮೊದಲನೆಯದೆಂದು ಹೇಳುತ್ತಿದ್ದರು, ಉಳಿದವರು ಅದಕ್ಕೂ ದನಿಗೂಡಿಸುತ್ತಿದ್ದರು. ಅವನಿಗಾಗಿ ಪ್ರಾರ್ಥಿಸಿ, ಅವನಿಗಾಗಿ ಪ್ರಾರ್ಥಿಸಿ.

ಮರುದಿನ ಬೆಳಗ್ಗೆ ಮಂಚದ ಅಂಚಿನಲ್ಲಿ ಕೂತು ತನ್ನ ಮಾಲೆ ಹಿಡಿದಳು. ಮೊದಲ ಉಸಿರು ಒಳಗೆ ಹೋಯಿತು. ಅದು ಹೊರಗೆ ಬರುವಾಗ ಅವನ ತುಟಿಯ ಸದ್ದು ಜೊತೆಗೇ ಬಂತು. ಮೂವತ್ತು ವರ್ಷ ತಾನು ಖಾಲಿ ಎಂದುಕೊಂಡಿದ್ದ ಕೋಣೆಯಲ್ಲಿ ಅವನು ಅಷ್ಟೂ ಹೊತ್ತು ಕೂತೇ ಇದ್ದನೇನೋ ಅನ್ನಿಸಿ ಮೈಯೆಲ್ಲ ಜಿಗುಟಾಯಿತು. ಮಾಲೆಯನ್ನು ಮೊಳೆಗೆ ತೂಗುಹಾಕಿ, ತಣ್ಣೀರಿನಲ್ಲಿ ಸ್ನಾನ ಮಾಡಿದಳು.

ಹಸಿಂತಾ ಬೇಲಿಯಾಚೆಯಿಂದ ಎರಡು ಸಲ ಕರೆದಳು. ಇವಳು ಓಗೊಡಲಿಲ್ಲ. ಇವಳು ಅಂಗಡಿಗೆ ಕಾಲಿಟ್ಟರೆ ಅಲ್ಲಿನ ಮಾತು ನಿಲ್ಲುತ್ತಿತ್ತು. ಸಿಪ್ರಿಯಾನಾ ಎಂಬ ದರ್ಜಿ ಹೆಂಗಸು ಮಾತ್ರ ದಾರಿಯಲ್ಲಿ ನಿಲ್ಲಿಸಿ, ಇವಳ ಮೊಣಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹೋದಳು.

ಅದಾದ ಐದನೆಯ ದಿನ ತೋಮಾಸಾ ಅಂಗಳದಲ್ಲಿ ಕೂತು ಹುರುಳಿಕಾಯಿ ಬಿಡಿಸಿ ಕಾಳು ತೆಗೆಯುತ್ತಿದ್ದಳು. ಯಾವಾಗ ಶುರುವಾಯಿತೋ ಗೊತ್ತಾಗಲಿಲ್ಲ, ಬಾಯಿಗೆ ಚಿಕ್ಕಂದಿನಲ್ಲಿ ಕೇಳಿದ್ದ ಅಜ್ಜಿಯ ಜಪ ಬಂದಿತ್ತು. ಅಜ್ಜಿ ಮಣಿ ಹಿಡಿದವಳಲ್ಲ. ಕೆಲಸ ಮಾಡುತ್ತಲೇ, ಪದಗಳನ್ನು ಒಂದಕ್ಕೊಂದು ಅಂಟಿಸಿ, ಅರ್ಧ ನುಂಗಿ, ನಡುವೆ ಕೋಳಿಗೆ ಬೈದು ಮತ್ತೆ ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು. ಉಸಿರು ಎಲ್ಲಿ ಸಿಕ್ಕರೆ ಅಲ್ಲಿ. ತೋಮಾಸಾ ಹಾಗೇ ಗಡಿಬಿಡಿಯಲ್ಲಿ ಹೇಳುತ್ತಾ ಹೋದಳು. ಒಂದು ಹೇಂಟೆ ಅವಳ ಮಡಿಲಿನ ಸಿಪ್ಪೆಗೆ ಕೊಕ್ಕು ಹಾಕಿತು. ಅವಳು ಬಾಯಿ ನಿಲ್ಲಿಸದೆ ಅದನ್ನು ಮೊಣಕೈಯಿಂದ ನೂಕಿ, ಇನ್ನೊಂದು ಕಾಯಿಯನ್ನು ಸೀಳಿದಳು. ನೇರಳೆ ಚುಕ್ಕೆಯ ಕಾಳುಗಳು ತಗಡಿನ ತಟ್ಟೆಗೆ ಪಟಪಟನೆ ಬಿದ್ದವು.